ಸರ್ವರ್ ಇತ್ತು, ಪಟ್ಟಿ ಇರಲಿಲ್ಲ

ನಮ್ಮ ಊರುಗಳಲ್ಲಿ ಶಾಲೆಯ ಮೆಟ್ಟಿಲು ಹತ್ತದವರಿಗೂ ಬಾಯಿಪಾಠ ಆಗಿರುವ ಒಂದು ವಾಕ್ಯ ಇದೆ: 'ಸರ್ವರ್ ಇಲ್ಲ.' ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಸರ್ವರ್ ಇಲ್ಲ. ಆರ್‌ಟಿಸಿ ತೆಗೆಸಲು ಹೋದರೆ ಸರ್ವರ್ ಬ್ಯುಸಿ. ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಲು ನಿಂತರೆ ಸರ್ವರ್ ಡೌನ್. ಇದನ್ನು ಕೇಳಿದ ಮೇಲೆ ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಮಳೆ ಬಂತು ಅಂದ ಹಾಗೆ ಅದು. ಕೊಡೆ ಬಿಡಿಸಿ ಮನೆಗೆ ಹೋಗುವುದು, ನಾಳೆ ಪುನಃ ಬರುವುದು.

ಸುದ್ದಿ ಕಳಿಸುವ ನಮಗೂ ಅದು ಹೊಸತಲ್ಲ. 'ಸರ್ವರ್ ಸಮಸ್ಯೆ: ಸಾರ್ವಜನಿಕರ ಪರದಾಟ' ಎಂಬ ಶೀರ್ಷಿಕೆ ವರ್ಷಕ್ಕೆ ನಾಲ್ಕು ಸಲವಾದರೂ ಈ ತಾಲೂಕಿನಿಂದ ಹೋಗುತ್ತದೆ. ಯಾವ ಸರ್ವರ್, ಅದು ಎಲ್ಲಿ ಕೂತಿದೆ, ಅದಕ್ಕೆ ಆದದ್ದಾದರೂ ಏನು ಎಂದು ಕಣ್ಣಾರೆ ನೋಡುವ ಅವಕಾಶ ಸಿಕ್ಕಿದ್ದು 2016ರ ಮಳೆಗಾಲದಲ್ಲಿ. ಅದನ್ನು ಇಲ್ಲಿ ಬರೆಯುತ್ತಿದ್ದೇವೆ.

ನಾವು ಅಂದರೆ ಇಬ್ಬರು. ಒಟ್ಟಿಗೆ ಪತ್ರಿಕೋದ್ಯಮ ಡಿಪ್ಲೊಮಾ ಮಾಡಿದವರು, ಮುಂಡಾಜೆಯಲ್ಲಿ ಕೂತು ಸುದ್ದಿ ಕಳಿಸುವವರು. ಬಿಡಿ ಸುದ್ದಿಗೆ ಸಿಗುವ ದುಡ್ಡು ಪೆಟ್ರೋಲಿಗೆ ಸಾಲದ ಕಾರಣ ಕಂಪ್ಯೂಟರ್ ರಿಪೇರಿಯೂ ಮಾಡುತ್ತೇವೆ. ಸೋಮಂತಡ್ಕದಿಂದ ದಿಡುಪೆವರೆಗೆ, ಆ ಕಡೆ ಕಕ್ಕಿಂಜೆವರೆಗೆ ಪ್ರಿಂಟರ್ ಕೆಟ್ಟರೆ ನಮಗೇ ಫೋನ್.

ಹಾಗೆ ಫೋನ್ ಬಂದದ್ದು ಚಾರ್ಮಾಡಿ ಘಾಟಿಯ ಬುಡದ ಒಂದು ಸಹಕಾರಿ ಸಂಘದಿಂದ. ಹೆಸರು ಬೇಡ, ಆಗ ಇದ್ದವರು ಈಗಲೂ ಅಲ್ಲೇ ಕೆಲಸದಲ್ಲಿದ್ದಾರೆ. ಕಾರ್ಯದರ್ಶಿಗಳು ಹೇಳಿದ್ದಿಷ್ಟು: "ಸರ್ವರ್ ಹಾಳಾಗಿದೆ ಮಾರಾಯ್ರೆ. ಕಂಪ್ಯೂಟರಿನವರು ಬಂದು ನೋಡಿ, ಇದು ಹಳತಾಯ್ತು, ಹೊಸತು ತೆಗೀರಿ ಅಂತ ಕೊಟೇಶನ್ ಕೊಟ್ಟು ಹೋಗಿದ್ದಾರೆ. ಶನಿವಾರ ಆಡಳಿತ ಮಂಡಳಿ ಮೀಟಿಂಗ್ ಉಂಟು. ಅದಕ್ಕೆ ಮೊದಲು ನೀವೊಮ್ಮೆ ನೋಡಿ ಹೋಗಿ."

ಕೊಟೇಶನ್ನಿನ ಮೊತ್ತ ಲಕ್ಷದ ಮೇಲಿತ್ತು. ಅಡಿಕೆ ಬೆಳೆಗಾರರ ಪಾಲು ಬಂಡವಾಳದಲ್ಲಿ ನಡೆಯುವ ಸಂಘಕ್ಕೆ ಅದು ಸಣ್ಣ ಮಾತಲ್ಲ.

ನಾವು ಹೋದ ದಿನ ಜುಲೈ ತಿಂಗಳಲ್ಲಿ ಅಪರೂಪದ ಹೊಳವು. ಅಡಿಕೆ ತೋಟ ಇಟ್ಟುಕೊಂಡವರಿಗೆ ಮಳೆಗಾಲದ ಹೊಳವು ಅಂದರೆ ಏನೆಂದು ನಮ್ಮ ಕಡೆ ಹೇಳಬೇಕಾಗಿಲ್ಲ. ಹೊರಗಿನ ಓದುಗರಿಗಾಗಿ ಒಂದು ಮಾತು: ಕೊಳೆರೋಗ ಬಾರದ ಹಾಗೆ ಕೊನೆಗೆ ಬೋರ್ಡೋ ದ್ರಾವಣ ಸಿಂಪಡಿಸಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮಳೆಗಾಲಕ್ಕೆ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ಆ ಎರಡನೇ ಸಲದ್ದೇ ಕಷ್ಟ. ಮರ ಒಣಗಿರಬೇಕು, ಮರ ಹತ್ತುವ ಆಳು ಸಿಗಬೇಕು, ಮದ್ದು ಬಿಟ್ಟ ಮೇಲೆ ಸ್ವಲ್ಪ ಹೊತ್ತಾದರೂ ಮಳೆ ತಡೆಯಬೇಕು. ಅಂಥ ದಿನ ಸಿಕ್ಕಿದಾಗ ಹತ್ತಿಪ್ಪತ್ತು ಮಂದಿ ಸಂಘದ ಜಗಲಿಯಲ್ಲಿ ಸಾಲುಗಟ್ಟಿ ನಿಂತಿದ್ದರು. ಕೆಲವರದ್ದು ಬೆಳೆ ಸಾಲದ ನವೀಕರಣ, ಕೆಲವರದ್ದು ಬೆಳೆ ವಿಮೆ.

"ಎಂತ ಅಕ್ಕಾ, ಇವತ್ತೂ ಇಲ್ವಾ?" ಎಂದು ಒಬ್ಬರು ಕೇಳಿದರು.

"ಇಲ್ಲ ಅಣ್ಣಾ. ಬರ್ತದೆ, ಒಮ್ಮೆ ಕೂತುಕೊಳ್ಳಿ" ಎಂದರು ಸಾಲದ ಟೇಬಲ್ಲಿನ ಅಕ್ಕ. ಆ ದಿನ ಅವರು ಆ ಮಾತನ್ನು ಎಷ್ಟನೇ ಸಲ ಹೇಳುತ್ತಿದ್ದರೋ.

ಅವರ ತೊಂದರೆ ಬೇರೆಯೇ ಇತ್ತು. ಅವರು ಆ ಟೇಬಲ್ಲಿಗೆ ಬಂದದ್ದು ಜೂನ್ ಮೊದಲ ವಾರ. ಕಂಪ್ಯೂಟರ್ ಕೈಕೊಡಲು ಶುರುವಾದದ್ದೂ ಜೂನಿನಲ್ಲೇ. ಎರಡನ್ನೂ ಕೂಡಿಸಿ ಲೆಕ್ಕ ಮಾಡುವವರು ಎಲ್ಲ ಆಫೀಸಿನಲ್ಲೂ ಇರುತ್ತಾರೆ. 'ಇವರು ಏನೋ ಒತ್ತುತ್ತಾರೆ, ಸರ್ವರ್ ಹೋಗುತ್ತದೆ' ಎಂಬುದು ಗುಸುಗುಸು ಮಾತಿನಿಂದ ಬೆಳೆದು, ಲಿಖಿತ ವಿವರಣೆ ಕೊಡಿ ಎನ್ನುವವರೆಗೆ ಮುಟ್ಟಿತ್ತು. ಆ ಕಾಗದ ಅವರ ಮೇಜಿನ ಗಾಜಿನಡಿಯಲ್ಲೇ ಇತ್ತು.

ಮೊದಲು ನಮ್ಮ ಕಣ್ಣಿಗೆ ಬಿದ್ದದ್ದು ಕಂಪ್ಯೂಟರ್ ಅಲ್ಲ, ಪಕ್ಕದ ಕ್ಯಾಶ್ ಕೌಂಟರ್. ಅಲ್ಲಿ ರಶೀದಿಗಳು ಕಿರ್ರ್ ಕಿರ್ರ್ ಅಂತ ಪ್ರಿಂಟ್ ಆಗಿ ಬರುತ್ತಲೇ ಇದ್ದವು. ಆ ರಶೀದಿಯ ಲೆಕ್ಕ ಇರುವುದೂ ಅದೇ ಸರ್ವರಿನಲ್ಲಿ. ಹಿಂದಿನ ಕೋಣೆಯಲ್ಲಿ ಇರುವುದು ಒಂದೇ ಒಂದು ಸರ್ವರ್. ಅದು ಸತ್ತಿದ್ದರೆ ಇಲ್ಲಿ ರಶೀದಿ ಹೇಗೆ ಬರುತ್ತದೆ?

ಅಕ್ಕನ ಕಂಪ್ಯೂಟರಿನಲ್ಲಿ ನೋಡಿದೆವು. ವಿಂಡೋಸ್ ಎಕ್ಸ್‌ಪಿ. ಅವರಿಗೆ ಹೇಳಿಕೊಟ್ಟ ದಾರಿ ಹೀಗೆ: ಪರದೆಯ ಮೇಲಿನ 'ಮೈ ನೆಟ್‌ವರ್ಕ್ ಪ್ಲೇಸಸ್' ಚಿತ್ರ ಒತ್ತುವುದು, ಅದರೊಳಗೆ ಸಂಘದ ಹೆಸರು ಒತ್ತುವುದು, ಆಗ ಆಫೀಸಿನ ಕಂಪ್ಯೂಟರ್‌ಗಳ ಪಟ್ಟಿ ಬರುತ್ತದೆ, ಅದರಲ್ಲಿ ಸರ್ವರಿನ ಹೆಸರು ಒತ್ತುವುದು, ಒಳಗೆ ಸದಸ್ಯರ ಪಹಣಿ, ಸಾಲಪತ್ರ, ವಿಮೆ ಅರ್ಜಿಯ ಫೋಲ್ಡರ್. ಆ ದಿನ ಎರಡನೇ ಮೆಟ್ಟಿಲಲ್ಲೇ ನಿಂತಿತ್ತು. ಈ ಗುಂಪಿನ ಸರ್ವರ್‌ಗಳ ಪಟ್ಟಿ ಸದ್ಯಕ್ಕೆ ಲಭ್ಯವಿಲ್ಲ ಎಂದು ಇಂಗ್ಲಿಷಿನಲ್ಲಿ ಒಂದು ಪೆಟ್ಟಿಗೆ ಎದ್ದು ಬರುತ್ತಿತ್ತು.

ಗಮನಿಸಿ, ಪಟ್ಟಿ ಇಲ್ಲ ಅಂತಷ್ಟೇ ಅದು ಹೇಳಿದ್ದು. ಸರ್ವರ್ ಇಲ್ಲ ಅಂತ ಹೇಳಲಿಲ್ಲ. ಅದನ್ನು 'ಸರ್ವರ್ ಇಲ್ಲ' ಎಂದು ಓದಿಕೊಂಡದ್ದು ಮನುಷ್ಯರು.

ಕಪ್ಪು ಪರದೆ ತೆರೆದು ಸರ್ವರಿನ ಹೆಸರಿಗೆ ಪಿಂಗ್ ಕೊಟ್ಟೆವು. ಪಿಂಗ್ ಅಂದರೆ ಗುಡ್ಡದ ಈಚೆ ನಿಂತು 'ಓಯ್' ಅಂದ ಹಾಗೆ. ಆಚೆಯವನು 'ಓಯ್' ಅಂದರೆ ಇದ್ದಾನೆ ಅಂತ ಅರ್ಥ. ನಾಲ್ಕು ಸಲ ಕರೆದದ್ದಕ್ಕೆ ನಾಲ್ಕು ಸಲವೂ ಒಂದು ಮಿಲಿಸೆಕೆಂಡಿನೊಳಗೆ ಉತ್ತರ ಬಂತು. ಮತ್ತೆ ಸ್ಟಾರ್ಟ್ ಒತ್ತಿ, ರನ್ ಪೆಟ್ಟಿಗೆಯಲ್ಲಿ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ಸರ್ವರಿನ ಹೆಸರು ಟೈಪ್ ಮಾಡಿ ಎಂಟರ್ ಒತ್ತಿದೆವು. ಎಲ್ಲ ಫೋಲ್ಡರ್‌ಗಳೂ ಕಣ್ಣೆದುರು ಬಂದವು.

"ಅಯ್ಯೋ, ಇಲ್ಲೇ ಉಂಟಲ್ಲ!" ಎಂದರು ಅಕ್ಕ.

ಆ ಕ್ಷಣಕ್ಕೆ ಅಷ್ಟು ಸಾಕಿತ್ತು. ಆ ಫೋಲ್ಡರನ್ನು ಝಡ್ ಡ್ರೈವ್ ಎಂದು ಅವರ ಕಂಪ್ಯೂಟರಿಗೆ ನೇರವಾಗಿ ಸೇರಿಸಿಕೊಟ್ಟೆವು. ಜಗಲಿಯ ಸಾಲು ಕರಗಲು ಶುರುವಾಯಿತು. ಮಧ್ಯಾಹ್ನದೊಳಗೆ ಹೆಚ್ಚಿನವರು ಮೈಲುತುತ್ತಿನ ಪ್ಯಾಕೆಟ್ ಹಿಡಿದುಕೊಂಡು ತೋಟದ ಕಡೆ ಹೋದರು.

ಆದರೆ ಪಟ್ಟಿ ಏಕೆ ಬರುತ್ತಿಲ್ಲ ಎಂಬುದು ಹಾಗೆಯೇ ಉಳಿಯಿತು. ಅದು ಗೊತ್ತಾಗದಿದ್ದರೆ ಶನಿವಾರ ಹೊಸ ಸರ್ವರ್ ಮಂಜೂರಾಗುತ್ತದೆ, ಅದು ಬಂದ ಮೇಲೂ ಪಟ್ಟಿ ಹೋಗುತ್ತದೆ, ಮತ್ತೆ ಅಕ್ಕನ ತಲೆಗೇ ಬರುತ್ತದೆ.

ಇಲ್ಲಿ ಸ್ವಲ್ಪ ತಾಂತ್ರಿಕ ಮಾತು ಬೇಕು. ಬೇಸರ ಮಾಡಿಕೊಳ್ಳಬೇಡಿ, ಇದು ಸೋಮಂತಡ್ಕದ ರಿಕ್ಷಾ ಪಾರ್ಕಿನಷ್ಟೇ ಸುಲಭ.

ಹಳೆಯ ವಿಂಡೋಸಿನಲ್ಲಿ ಆಫೀಸಿನ ಕಂಪ್ಯೂಟರ್‌ಗಳ ಪಟ್ಟಿ ಯಾವುದೋ ಆಕಾಶದಲ್ಲಿ ಇರುವುದಿಲ್ಲ. ಆಫೀಸಿನ ಕಂಪ್ಯೂಟರ್‌ಗಳಲ್ಲೇ ಒಂದು ಅದನ್ನು ಬರೆದಿಡಬೇಕು. ಹಾಗೆ ಬರೆದಿಡುವ ಕಂಪ್ಯೂಟರಿಗೆ 'ಮಾಸ್ಟರ್ ಬ್ರೌಸರ್' ಎಂದು ಹೆಸರು. ಮೊಬೈಲಿನಲ್ಲಿ ನೀವು ಇದನ್ನು ಓದುತ್ತಿರುವ ಕ್ರೋಮ್ ಕೂಡ ಬ್ರೌಸರೇ, ಆದರೆ ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಪಾರ್ಕಿನಲ್ಲಿ ಬಾಡಿಗೆಯ ಸರದಿ ಪುಸ್ತಕ ಇಟ್ಟುಕೊಂಡವನಿದ್ದಾನಲ್ಲ, ಅವನೇ ಮಾಸ್ಟರ್ ಬ್ರೌಸರ್. ಬಂದ ರಿಕ್ಷಾದವರೆಲ್ಲ 'ನಾನು ಬಂದೆ' ಎಂದು ಕೂಗುತ್ತಾರೆ, ಇವನು ಬರೆದುಕೊಳ್ಳುತ್ತಾನೆ. ಕಂಪ್ಯೂಟರ್‌ಗಳೂ ಹಾಗೆಯೇ ಕೂಗುತ್ತವೆ. ಆನ್ ಆದ ಹೊಸದರಲ್ಲಿ ಬೇಗ ಬೇಗ, ಆಮೇಲೆ 12 ನಿಮಿಷಕ್ಕೊಮ್ಮೆ. ಮೂರು ಸಲ ಸತತ ಕೂಗದಿದ್ದರೆ, ಅಂದರೆ 36 ನಿಮಿಷ ಸದ್ದಿಲ್ಲದಿದ್ದರೆ, ಹೆಸರು ಹೊಡೆದು ಹಾಕಲಾಗುತ್ತದೆ. ಪುಸ್ತಕದ ನಕಲು ಇಟ್ಟುಕೊಳ್ಳುವ ಒಂದೆರಡು ಸಹಾಯಕರೂ ಇರುತ್ತಾರೆ, ಬ್ಯಾಕಪ್ ಬ್ರೌಸರ್‌ಗಳು. ಅವರು ಆಗಾಗ ಬಂದು ಹೊಸ ಪಟ್ಟಿ ನಕಲು ಮಾಡಿಕೊಂಡು ಹೋಗುತ್ತಾರೆ. ನಾವು ಪಟ್ಟಿ ಕೇಳಿದರೆ ಕೊಡುವುದು ಹೆಚ್ಚಾಗಿ ಈ ಸಹಾಯಕರೇ.

ಪುಸ್ತಕ ಯಾರ ಕೈಯಲ್ಲಿರಬೇಕು? ಅದಕ್ಕೊಂದು ಚುನಾವಣೆ ನಡೆಯುತ್ತದೆ. ಹೌದು, ಅದರ ಹೆಸರೇ ಇಲೆಕ್ಷನ್. ಮತದಾನ ಇಲ್ಲ, ದರ್ಜೆ ನೋಡುವುದು. ವಿಂಡೋಸ್ ಸರ್ವರಿಗೆ 32 ಅಂಕ, ಎಕ್ಸ್‌ಪಿಯಂಥ ಸಾಮಾನ್ಯ ಕಂಪ್ಯೂಟರಿಗೆ 16, ವಿಂಡೋಸ್ 98ರಂಥ ಮುದುಕರಿಗೆ 1. ಹೆಚ್ಚು ಅಂಕ ಇದ್ದವರು ಗೆದ್ದರು. ಎಲ್ಲ ಲೆಕ್ಕದಲ್ಲೂ ಸಮ ಬಂದರೆ ಹೆಚ್ಚು ಹೊತ್ತಿನಿಂದ ಆನ್ ಇರುವವರು. ಅದರಲ್ಲೂ ಸಮ ಆದರೆ ಹೆಸರಿನ ಅಕ್ಷರಾನುಕ್ರಮ, ಶಾಲೆಯ ಹಾಜರಿ ಪುಸ್ತಕದ ಹಾಗೆ. ಡೊಮೇನ್ ಇರುವ ಆಫೀಸಿನಲ್ಲಿ, ಅಂದರೆ ಎಲ್ಲರ ಪಾಸ್‌ವರ್ಡ್ ಒಂದೇ ಸರ್ವರಿನ ಕೈಯಲ್ಲಿರುವ ಕಡೆ, ಇಡೀ ಡೊಮೇನಿನ ದೊಡ್ಡ ಪುಸ್ತಕ ಆ ಸರ್ವರಿಗೇ ಮೀಸಲು. ಅದಕ್ಕೆ ಡೊಮೇನ್ ಮಾಸ್ಟರ್ ಬ್ರೌಸರ್ ಎನ್ನುತ್ತಾರೆ. ಹಾಗಾಗಿ ಈ ಸಂಘದಲ್ಲಿ ಚುನಾವಣೆಗೆ ಅರ್ಥವೇ ಇರಬಾರದಿತ್ತು. ಒಬ್ಬನೇ ಸರ್ವರ್, ಅವನೇ ಅವಿರೋಧ.

ಹಿಂದಿನ ಕೋಣೆಗೆ ಹೋಗಿ ಸರ್ವರಿನಲ್ಲಿ ಇವೆಂಟ್ ವ್ಯೂವರ್ ತೆರೆದೆವು. ಇದು ಕಂಪ್ಯೂಟರ್ ತಾನಾಗಿ ಬರೆದಿಡುವ ದಿನಚರಿ. ಸಾಲು ಸಾಲು ಕೆಂಪು ಗುರುತು, ಎಲ್ಲದಕ್ಕೂ ಒಂದೇ ಸಂಖ್ಯೆ: 8003. ಅದರ ಒಕ್ಕಣೆಯ ಸಾರ ಹೀಗೆ: 'ಈ ಡೊಮೇನಿಗೆ ತಾನೇ ಮಾಸ್ಟರ್ ಬ್ರೌಸರ್ ಎಂದು ನಂಬಿಕೊಂಡಿರುವ ಇಂಥ ಕಂಪ್ಯೂಟರಿನಿಂದ ಘೋಷಣೆ ಬಂದಿದೆ. ಮಾಸ್ಟರ್ ಬ್ರೌಸರ್ ನಿಲ್ಲುತ್ತಿದೆ, ಇಲ್ಲವೇ ಚುನಾವಣೆ ನಡೆಸಲಾಗುತ್ತಿದೆ.' 'ಇಂಥ ಕಂಪ್ಯೂಟರ್' ಇರುವಲ್ಲಿ ಹೆಸರೇ ಅಚ್ಚಾಗಿರುತ್ತದೆ. ಸುದ್ದಿ ಮಾಡುವವರಿಗೆ ಇಷ್ಟು ಸುಲಭದ ಮೂಲ ಎಲ್ಲಿ ಸಿಗುತ್ತದೆ ಹೇಳಿ, ದೂರುದಾರನೇ ಎದುರಾಳಿಯ ಹೆಸರು ಬರೆದು ಸಹಿ ಹಾಕಿಟ್ಟಿದ್ದಾನೆ. ಆ ದಿನಚರಿ ಅಲ್ಲಿ ವಾರಗಟ್ಟಲೆಯಿಂದ ಇತ್ತು. ಕೊಟೇಶನ್ ಕೊಟ್ಟವರು ಅದನ್ನು ತೆರೆದು ನೋಡಿದ ಹಾಗೆ ಕಾಣಲಿಲ್ಲ.

ಆದರೆ ಆ ಹೆಸರಿನ ಕಂಪ್ಯೂಟರ್ ಯಾವುದೆಂದು ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. 'ಎನ್‌ಬಿಟಿಸ್ಟಾಟ್' ಎಂಬ ಕಮಾಂಡ್ ಕೊಟ್ಟು ಆ ಹೆಸರನ್ನು ವಿಚಾರಿಸಿದೆವು. ಅದು ಕೊಟ್ಟ ಉತ್ತರದಲ್ಲಿ '1ಡಿ' ಎಂಬ ಗುರುತು ಇತ್ತು. ಪುಸ್ತಕ ಯಾರ ಕೈಯಲ್ಲಿದೆಯೋ ಅವರ ಹೆಸರಿನ ಪಟ್ಟಿಯಲ್ಲಿ ಮಾತ್ರ ಈ ಗುರುತು ಇರುತ್ತದೆ. ಅಂದರೆ ಆಗ ಪುಸ್ತಕ ಸರ್ವರಿನ ಹತ್ತಿರ ಇರಲೇ ಇಲ್ಲ.

ಆಮೇಲೆ ಮಾಡಿದ್ದು ಶುದ್ಧ ಕಾಲ್ನಡಿಗೆಯ ಕೆಲಸ. ಸ್ವಿಚ್ಚಿನಿಂದ ಹೊರಟ ಒಂದೊಂದು ಕೇಬಲ್ ಎಲ್ಲಿಗೆ ಹೋಗುತ್ತದೆಂದು ಕೈಯಲ್ಲಿ ಹಿಡಿದುಕೊಂಡು ಹೋದೆವು. ಒಂದು ಕೇಬಲ್ ಕಿಟಕಿಯಿಂದ ಹೊರಬಿದ್ದು, ಶೀಟಿನ ಅಡಿಯಿಂದ ಹಾದು ಗೋದಾಮಿಗೆ ಹೋಗಿತ್ತು. ಗೋದಾಮಿನ ಮೂಲೆಯ ಮೇಜಿನಡಿಯಲ್ಲಿ, ಗೊಬ್ಬರದ ಚೀಲಗಳ ಹಿಂದೆ, ಪರದೆಯೂ ಕೀಬೋರ್ಡೂ ಇಲ್ಲದ ಒಂದು ಹಳೇ ಸಿಪಿಯು ಮಿಣಿಮಿಣಿ ಅನ್ನುತ್ತಿತ್ತು. ಹಿಂದಿನ ವರ್ಷದ ದೀಪಾವಳಿ ಹೊತ್ತಿಗೆ ಯಾರದೋ ಪರಿಚಯದ ಹುಡುಗನೊಬ್ಬ ಲಿನಕ್ಸ್ ಹಾಕಿ, ದಾಖಲೆಗಳ ನಕಲು ಇಟ್ಟುಕೊಳ್ಳಲೆಂದು ಅದನ್ನು ಕೂರಿಸಿ ಹೋಗಿದ್ದ. ಕೆಲಸ ಒಳ್ಳೆಯದೇ. ಮುಖ್ಯ ಕಟ್ಟಡದಿಂದ ದೂರ ಒಂದು ನಕಲು ಇರಬೇಕಾದದ್ದೇ. ಆ ಹುಡುಗ ಬೆಂಗಳೂರಿಗೆ ಹೋದ, ಗೋದಾಮಿನವರು ಅದರ ಮುಂದೆ ಚೀಲ ಪೇರಿಸಿದರು, ಎಲ್ಲರೂ ಮರೆತರು.

ಲಿನಕ್ಸ್ ಕಂಪ್ಯೂಟರ್ ವಿಂಡೋಸಿನವರ ಜೊತೆ ಫೈಲು ಹಂಚಿಕೊಳ್ಳಲು ಸಾಂಬಾ ಎಂಬ ತಂತ್ರಾಂಶ ಬೇಕು. ನಮ್ಮ ಸಾಂಬಾರಿಗೂ ಅದಕ್ಕೂ ನಂಟಿಲ್ಲ. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ ತೊಂಬತ್ತರ ದಶಕದ ಆರಂಭದಲ್ಲಿ ಬರೆದದ್ದು. ವಿಂಡೋಸ್ ಆಡುವ ಭಾಷೆಯ ಹೆಸರು ಎಸ್‌ಎಂಬಿ. ಎಸ್, ಎಂ, ಬಿ ಮೂರೂ ಅದೇ ಕ್ರಮದಲ್ಲಿ ಬರುವ ಪದ ಯಾವುದಿದೆಯೆಂದು ಅವರು ಕಂಪ್ಯೂಟರಿನ ಪದಪಟ್ಟಿಯಲ್ಲಿ ಹುಡುಕಿದಾಗ 'ಸಾಂಬಾ' ಸಿಕ್ಕಿತಂತೆ. ಆ ಸಾಂಬಾ ಕೂಡ ಸರದಿ ಪುಸ್ತಕ ಇಟ್ಟುಕೊಳ್ಳಬಲ್ಲುದು, ಚುನಾವಣೆಗೂ ನಿಲ್ಲಬಲ್ಲುದು. ಅದರ ಮಾಮೂಲಿ ಅಂಕ 20. ಎಕ್ಸ್‌ಪಿಗಳನ್ನು ಸೋಲಿಸುತ್ತದೆ, ಸರ್ವರಿಗೆ ಸೋಲುತ್ತದೆ. ಅಷ್ಟೇ ಆಗಿದ್ದರೆ ಗಲಾಟೆ ಇರುತ್ತಿರಲಿಲ್ಲ.

ಗೋದಾಮಿನ ಪೆಟ್ಟಿಗೆಗೆ ಪರದೆ ಸಿಕ್ಕಿಸಿ ಸಾಂಬಾದ ಸೆಟ್ಟಿಂಗ್ ಕಡತ ತೆರೆದೆವು. ನಾಲ್ಕು ಸಾಲು. ಓಎಸ್ ಲೆವೆಲ್ 65. ಲೋಕಲ್ ಮಾಸ್ಟರ್ ಯೆಸ್. ಡೊಮೇನ್ ಮಾಸ್ಟರ್ ಯೆಸ್. ಪ್ರಿಫರ್ಡ್ ಮಾಸ್ಟರ್ ಯೆಸ್. ಎಲ್ಲಿಂದಲೋ ನೋಡಿ ಹಾಗೆಯೇ ಇಳಿಸಿದ್ದೆಂದು ತೋರುತ್ತಿತ್ತು. ವಿಂಡೋಸ್ ಸರ್ವರ್ ಇಲ್ಲದ ಕಡೆ ಆ ಸಾಲುಗಳು ಸರಿ, ಇರುವ ಕಡೆ ವಿಷ. 65 ಅಂಕ ಕೊಟ್ಟಿದ್ದರಿಂದ 32ರ ಸರ್ವರ್ ಸೋಲುತ್ತದೆ. 'ಪ್ರಿಫರ್ಡ್' ಎಂದರೆ ಆನ್ ಆದ ಕೂಡಲೇ ತಾನೇ ಚುನಾವಣೆ ಕರೆಯುವುದು. ಡೊಮೇನ್ ಸರ್ವರಿಗೇ ಮೀಸಲಾದ ಪಟ್ಟವನ್ನೂ ಕೇಳುವುದು. ಅಂಥವನು ಪಾರ್ಕಿನಲ್ಲಿ ಒಬ್ಬ ಇದ್ದರೆ ಸಾಕು.

ಆದರೂ ಒಂದು ಗಂಟು ಉಳಿಯಿತು. ದೀಪಾವಳಿಯಿಂದ ಇರುವ ಪೆಟ್ಟಿಗೆ ಜೂನಿನವರೆಗೆ ಏಕೆ ಅಷ್ಟು ಉಪದ್ರ ಕೊಡಲಿಲ್ಲ? ದಿನದಲ್ಲಿ ಕೆಲವು ಹೊತ್ತು ಸರಿ ಇದ್ದು ಕೆಲವು ಹೊತ್ತು ಮಾತ್ರ ಪಟ್ಟಿ ಹೋಗುವುದೇಕೆ?

ಇದನ್ನು ಬಿಡಿಸಿದ್ದು ನಾವಲ್ಲ, ಅಕ್ಕನ ನೋಟ್‌ಬುಕ್. ವಿವರಣೆ ಕೊಡಿ ಎಂದು ಕಾಗದ ಬಂದ ಮೇಲೆ ಅವರು ಒಂದು ರಫ್ ಪುಸ್ತಕದಲ್ಲಿ ದಿನಾ ಬರೆದಿಡುತ್ತಿದ್ದರು. ತಾರೀಕು, ಹೋದ ಹೊತ್ತು, ಬಂದ ಹೊತ್ತು. '10.40ಕ್ಕೆ ಹೋಯಿತು, 11.15ಕ್ಕೆ ಬಂತು.' '2.05ಕ್ಕೆ ಹೋಯಿತು, 2.30ಕ್ಕೆ ಬಂತು.' ಹತ್ತೊಂಬತ್ತು ದಿನಗಳ ಲೆಕ್ಕ. ಯಾರ ಮೇಲೂ ಆರೋಪ ಇಲ್ಲ, ವಿಶೇಷಣ ಇಲ್ಲ. ನಮ್ಮ ಡಿಪ್ಲೊಮಾ ತರಗತಿಯಲ್ಲಿ ವರದಿ ಹೇಗಿರಬೇಕೆಂದು ತೋರಿಸಲು ಇಡಬಹುದಾದಂಥ ಪುಸ್ತಕ.

ಆ ಹೊತ್ತುಗಳನ್ನು ನೋಡುತ್ತಾ ಕೂತಾಗ ಗೋದಾಮಿನ ಅಣ್ಣ ಹೇಳಿದರು, "ಅವತ್ತು ಎರಡು ಗಂಟೆಗೆ ಕರೆಂಟ್ ಹೋದದ್ದಲ್ವಾ? ತೂಕದ ಮಷಿನ್ ನಿಂತು ಹೋಗಿತ್ತು."

ಘಾಟಿಯ ಬುಡದಲ್ಲಿ ಮಳೆಗಾಲದ ಕರೆಂಟಿನ ಕಥೆ ಗೊತ್ತಲ್ಲ. ಕಾಡಿನ ನಡುವೆ ಬರುವ ತಂತಿ. ಗಾಳಿಗೆ ಒಂದು ಗೆಲ್ಲು ಬಿದ್ದರೆ ಮುಗಿಯಿತು. ದಿನಕ್ಕೆ ಐದಾರು ಸಲ ಹೋಗಿ ಬಂದು ಮಾಡುವುದು ಮಾಮೂಲು. ಆಫೀಸಿನ ಕಟ್ಟಡಕ್ಕೆ ಇನ್ವರ್ಟರ್ ಇತ್ತು, ಸರ್ವರ್, ಸ್ವಿಚ್, ಕೌಂಟರಿನ ಕಂಪ್ಯೂಟರ್ ಯಾವುದಕ್ಕೂ ಕರೆಂಟ್ ಹೋದದ್ದು ತಿಳಿಯುವುದೇ ಇಲ್ಲ. ಗೋದಾಮಿಗೆ ಇನ್ವರ್ಟರ್ ಇರಲಿಲ್ಲ. ಅಲ್ಲಿದ್ದ ಪೆಟ್ಟಿಗೆ, ಆಫೀಸಿನ ಸರದಿ ಪುಸ್ತಕವನ್ನೆಲ್ಲ ಕೈಯಲ್ಲಿ ಹಿಡಿದುಕೊಂಡೇ, ಯಾರಿಗೂ ಹೇಳದೆ ಆಫ್ ಆಗುತ್ತಿತ್ತು.

ಪುಸ್ತಕ ಹಿಡಿದವನು ಹೇಳಿ ಹೋದರೆ ಕೂಡಲೇ ಹೊಸ ಚುನಾವಣೆ ನಡೆಯುತ್ತದೆ. ಹೇಳದೆ ಹೋದರೆ, ಅವನಿಲ್ಲ ಎಂದು ಗೊತ್ತಾಗುವುದೇ ಯಾರಾದರೂ ಕೇಳಿ ಉತ್ತರ ಬಾರದಿದ್ದಾಗ, ಇಲ್ಲವೇ ಸಹಾಯಕ ನಕಲಿಗೆ ಹೋದಾಗ. ಅಷ್ಟರಲ್ಲಿ ಪಟ್ಟಿ ಕೇಳಿದವರಿಗೆ 'ಲಭ್ಯವಿಲ್ಲ' ಎಂಬ ಪೆಟ್ಟಿಗೆ. ಕೊನೆಗೆ ಸರ್ವರ್ ಪುಸ್ತಕ ತೆಗೆದುಕೊಂಡು, ಹೆಸರು ಕೂಡಿಸಿ, ಸಹಾಯಕರು ನಕಲು ಮಾಡಿಕೊಂಡು ಎಲ್ಲ ಸರಿ ಆಗುವ ಹೊತ್ತಿಗೆ ಕರೆಂಟ್ ಬರುತ್ತದೆ. ಕರೆಂಟ್ ಬಂದ ಕೂಡಲೇ ತಾನಾಗಿ ಎದ್ದು ಕೂರುವಂತೆ ಆ ಹುಡುಗ ಪೆಟ್ಟಿಗೆಯನ್ನು ಸೆಟ್ ಮಾಡಿದ್ದ. ಎದ್ದದ್ದೇ ಚುನಾವಣೆ ಕರೆಯುತ್ತದೆ, 65ಕ್ಕೆ 32 ಅಂತ ಗೆಲ್ಲುತ್ತದೆ. ಸರ್ವರಿನ ದಿನಚರಿಯಲ್ಲಿ ಇನ್ನೊಂದು ಕೆಂಪು 8003. ಮತ್ತೆ ಗೆಲ್ಲು ಬೀಳುವವರೆಗೆ ಶಾಂತಿ.

ಅಕ್ಕನ ಪುಸ್ತಕದ ಹೊತ್ತು, ಸರ್ವರಿನ ದಿನಚರಿಯ ಹೊತ್ತು, ಗೋದಾಮಿನ ಪೆಟ್ಟಿಗೆ ತನ್ನ ಲಾಗ್‌ನಲ್ಲಿ ಬರೆದುಕೊಂಡ ಆನ್ ಆದ ಹೊತ್ತು, ಮೂರನ್ನೂ ಒಂದು ಹಾಳೆಯಲ್ಲಿ ಪಕ್ಕಪಕ್ಕ ಬರೆದೆವು. ಕೂಡಿ ಬಂತು. ಅಕ್ಕ ರಜೆ ಹಾಕಿದ್ದ ಎರಡು ದಿನವೂ ಸರ್ವರಿನ ದಿನಚರಿಯಲ್ಲಿ 8003 ಇತ್ತು. ಆ ಎರಡು ಸಾಲಿನ ಕೆಳಗೆ ಪೆನ್ನಿನಲ್ಲಿ ಗೆರೆ ಎಳೆದೆವು.

ಸರಿಪಡಿಸಿದ್ದು ಹೇಳಲು ಹೆಚ್ಚಿಲ್ಲ. ಗೋದಾಮಿನ ಪೆಟ್ಟಿಗೆಯಲ್ಲಿ ಮೂರು ಯೆಸ್‌ಗಳನ್ನು ನೋ ಮಾಡಿ, 65ನ್ನು 0 ಮಾಡಿ, ಸಾಂಬಾವನ್ನು ರೀಸ್ಟಾರ್ಟ್ ಮಾಡಿದೆವು. ಅದು ಈಗಲೂ ನಕಲು ಇಡುತ್ತದೆ, ಪಟ್ಟಕ್ಕೆ ಮಾತ್ರ ನಿಲ್ಲುವುದಿಲ್ಲ. ಕೌಂಟರಿನ ಎಕ್ಸ್‌ಪಿಗಳಲ್ಲಿ ಎರಡನ್ನು ಬಿಟ್ಟು ಉಳಿದವುಗಳಲ್ಲಿ 'ಕಂಪ್ಯೂಟರ್ ಬ್ರೌಸರ್' ಎಂಬ ಸರ್ವಿಸ್ ನಿಲ್ಲಿಸಿದೆವು. ಅದು ನಿಂತರೆ ಆ ಕಂಪ್ಯೂಟರ್ ಪಟ್ಟಿಯಲ್ಲಿ ಕಾಣಿಸುವುದು ನಿಲ್ಲುವುದಿಲ್ಲ, ಪಟ್ಟಿ ಇಡುವ ಸ್ಪರ್ಧೆಯಿಂದ ಹೊರಬರುತ್ತದೆ ಅಷ್ಟೆ. ಎಲ್ಲರಿಗೂ ಝಡ್ ಡ್ರೈವ್ ಹಾಕಿಕೊಟ್ಟೆವು. ಒಟ್ಟು ನಲವತ್ತು ನಿಮಿಷ. ಹುಡುಕಲು ಹೋದದ್ದು ಆರು ಗಂಟೆ.

ಪರೀಕ್ಷೆಗೆ ನಾವು ಏನೂ ಮಾಡಬೇಕಾಗಲಿಲ್ಲ. ನಾಲ್ಕು ಗಂಟೆಗೆ ಮಳೆ ಹಿಡಿಯಿತು, ನಾಲ್ಕೂಕಾಲಿಗೆ ಕರೆಂಟ್ ಹೋಯಿತು. ಕಾರ್ಯದರ್ಶಿಗಳು ತಾವೇ ಬಂದು ಅಕ್ಕನ ಕಂಪ್ಯೂಟರಿನಲ್ಲಿ ಪಟ್ಟಿ ಒತ್ತಿ ನೋಡಿದರು. ಇತ್ತು.

ಶನಿವಾರದ ಮೀಟಿಂಗಿಗೆ ನಮ್ಮ ಹಾಳೆ ಹೋಯಿತು. ಆ ವರ್ಷ ಸರ್ವರ್ ಖರೀದಿ ಮುಂದೂಡಿದರು. ಗಾಜಿನಡಿಯ ಕಾಗದ ವಾಪಸ್ ಹೋಯಿತೆಂದು ಅಕ್ಕನೇ ಆಮೇಲೆ ಸೋಮಂತಡ್ಕದಲ್ಲಿ ಸಿಕ್ಕಿದಾಗ ಹೇಳಿದರು. ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು: ಹೊಸತು ತೆಗೀರಿ ಎಂದವರು ಹೇಳಿದ್ದರಲ್ಲಿ ಅರ್ಧ ನಿಜ ಇತ್ತು. ಸರ್ವರ್ ಹಳತು ಹೌದು. ಅದು ವಿಂಡೋಸ್ ಸರ್ವರ್ 2003, ಮೈಕ್ರೋಸಾಫ್ಟ್ ಅದಕ್ಕೆ ಬೆಂಬಲ ನಿಲ್ಲಿಸಿದ್ದು 2015ರ ಜುಲೈ 14ಕ್ಕೆ. ಎಕ್ಸ್‌ಪಿಗೆ ಅದಕ್ಕೂ ಮೊದಲೇ, 2014ರ ಏಪ್ರಿಲ್ 8ಕ್ಕೆ. ಬದಲಾಯಿಸಬೇಕಾದದ್ದೇ, ಆದರೆ ಯೋಚನೆ ಮಾಡಿ, ಸರಿಯಾದ ಕಾರಣಕ್ಕೆ. ಮಳೆಗಾಲದ ಮಧ್ಯೆ, ಇಲ್ಲದ ರೋಗಕ್ಕೆ ಮದ್ದೆಂದು ಅಲ್ಲ.

ಇದನ್ನೇ ಸುದ್ದಿ ಮಾಡಿ ಕಳಿಸಿದೆವು. ಡೆಸ್ಕಿನವರು ಫೋನ್ ಮಾಡಿ, "ಸರ್ವರ್ ಸರಿ ಇತ್ತು ಅನ್ನುವುದರಲ್ಲಿ ಸುದ್ದಿ ಏನುಂಟು?" ಎಂದು ಕೇಳಿದರು. ಪ್ರಕಟ ಆಗಲಿಲ್ಲ.

ಆಮೇಲೆ ಇದೇ 8003ನ್ನು ಬೇರೆ ಕಡೆಗಳಲ್ಲೂ ನೋಡಿದೆವು. ಪ್ರತಿ ಸಲವೂ ಲಿನಕ್ಸ್ ಪೆಟ್ಟಿಗೆಯೇ ಇರಬೇಕೆಂದಿಲ್ಲ. ಒಂದು ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಒಂದಕ್ಕೆ ಹೊಸ ಆಂಟಿವೈರಸ್ ಹಾಕಿದ್ದರು. ಅದರ ಫೈರ್‌ವಾಲ್ 137 ಮತ್ತು 138ನೇ ಪೋರ್ಟ್‌ಗಳಿಗೆ ಹೊರಗಿನಿಂದ ಬರುವ ಮಾತನ್ನೆಲ್ಲ ತಡೆಯುತ್ತಿತ್ತು. ಹೆಸರು ಕೂಗುವುದು, ಚುನಾವಣೆ ನಡೆಯುವುದು ಎಲ್ಲ ಅಲ್ಲೇ. ಕಿವಿ ಮುಚ್ಚಿಕೊಂಡವನಿಗೆ ಬೇರೆ ಯಾರ ಸದ್ದೂ ಕೇಳಿಸುವುದಿಲ್ಲ, ಹಾಗಾಗಿ ಊರಿಗೆ ತಾನೊಬ್ಬನೇ ಎಂದುಕೊಂಡು ತಾನೇ ಮಾಸ್ಟರ್ ಎಂದು ಘೋಷಿಸಿಕೊಳ್ಳುತ್ತಾನೆ. ಇನ್ನೊಂದು ಕಡೆ ಒಂದು ಕಂಪ್ಯೂಟರಿಗೆ ಸಬ್‌ನೆಟ್ ಮಾಸ್ಕ್ ತಪ್ಪಾಗಿ ಕೊಟ್ಟಿದ್ದರಿಂದಲೂ ಹೀಗೇ ಆಗಿತ್ತು. ಸರ್ವರಿಗೇ ಎರಡು ನೆಟ್‌ವರ್ಕ್ ಕಾರ್ಡ್ ಇದ್ದರೂ ಈ ಪಟ್ಟಿ ಗೊಂದಲಕ್ಕೆ ಬೀಳುತ್ತದೆ. ಹುಡುಕುವ ದಾರಿ ಮಾತ್ರ ಎಲ್ಲ ಕಡೆಯೂ ಒಂದೇ: ದಿನಚರಿಯಲ್ಲಿ ಬರೆದಿರುವ ಹೆಸರು ಓದಿ, ಆ ಕಂಪ್ಯೂಟರಿನ ಹತ್ತಿರ ಹೋಗಿ ನಿಲ್ಲುವುದು.

ಈ ಕೂಗುವ ಪದ್ಧತಿಗೆ ಈಗ ಹೆಚ್ಚು ಆಯುಸ್ಸಿಲ್ಲ. ಅದು ಕೂತಿರುವುದು ಎಸ್‌ಎಂಬಿಯ ಮೊದಲ ಆವೃತ್ತಿಯ ಮೇಲೆ. 2017ರ ಮೇ 12ರಂದು ವನ್ನಾಕ್ರೈ ಎಂಬ ಕುತಂತ್ರಾಂಶ ಜಗತ್ತಿನ ಉದ್ದಗಲ ಕಂಪ್ಯೂಟರ್‌ಗಳ ಕಡತಗಳಿಗೆ ಬೀಗ ಜಡಿದು ದುಡ್ಡು ಕೇಳಿತಲ್ಲ, ಅದು ಒಂದರಿಂದ ಇನ್ನೊಂದಕ್ಕೆ ಹರಡಿದ್ದು ಈ ಹಳೇ ಆವೃತ್ತಿಯ ಬಿರುಕಿನಿಂದಲೇ. ಅದೇ ವರ್ಷ ಅಕ್ಟೋಬರದಲ್ಲಿ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ ಹೊಸದಾಗಿ ಹಾಕಿದ ವಿಂಡೋಸಿನಲ್ಲಿ ಈ ಹಳೇ ಎಸ್‌ಎಂಬಿ ಮೊದಲಿನ ಹಾಗೆ ತಾನಾಗಿ ಬರುವುದಿಲ್ಲ. ಅದಿಲ್ಲದೆ ಕಂಪ್ಯೂಟರ್ ಬ್ರೌಸರ್ ಸರ್ವಿಸೂ ಇಲ್ಲ. ಈಗ ಪಟ್ಟಿ ಬೇರೆ ರೀತಿಯಲ್ಲಿ ತಯಾರಾಗುತ್ತದೆ, ಮಾಸ್ಟರ್ ಪಟ್ಟಕ್ಕೆ ಜಗಳ ಇಲ್ಲ.

ಸಂಘಗಳೂ ಬದಲಾಗುತ್ತಿವೆ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಒಂದೇ ತಂತ್ರಾಂಶಕ್ಕೆ ತರುವ 2,516 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು 2022ರ ಜೂನ್ 29ಕ್ಕೆ. ಹಾಗೆ ಬಂದಾಗ ಸರ್ವರ್ ಹಿಂದಿನ ಕೋಣೆಯಲ್ಲಿ ಇರುವುದಿಲ್ಲ, ಕೇಬಲ್ ಹಿಡಿದುಕೊಂಡು ನಡೆದು ಹೋಗಿ ನೋಡುವಷ್ಟು ಹತ್ತಿರ ಇರುವುದಿಲ್ಲ. ಆಗ ಅಕ್ಕನ ನೋಟ್‌ಬುಕ್ಕಿನಂಥದ್ದು ಇನ್ನೂ ಹೆಚ್ಚು ಬೇಕಾಗುತ್ತದೆಂದು ನಮಗೆ ಅನಿಸುತ್ತದೆ. ಎಷ್ಟು ಹೊತ್ತಿಗೆ ಹೋಯಿತು, ಎಷ್ಟಕ್ಕೆ ಬಂತು, ಆಗ ಪಕ್ಕದ ಕೌಂಟರ್ ನಡೆಯುತ್ತಿತ್ತೇ, ಕರೆಂಟ್ ಇತ್ತೇ.

ಮೊಬೈಲಿನಲ್ಲಿ ಇದನ್ನು ಓದುವವರಲ್ಲಿ ಸಣ್ಣ ಅಂಗಡಿ, ಶಾಲೆ, ಸಂಘ ನಡೆಸುವವರು ಇದ್ದೀರಿ. ಹೊಸ ವಿಂಡೋಸ್ ಹಾಕಿದ ಮೇಲೆ 'ನೆಟ್‌ವರ್ಕಿನಲ್ಲಿ ಸರ್ವರ್ ಕಾಣುವುದಿಲ್ಲ' ಎಂದು ಈಗಲೂ ನಮಗೆ ಫೋನ್ ಬರುತ್ತದೆ. ಅದಕ್ಕೆ ಮದ್ದೆಂದು ಹಳೇ ಎಸ್‌ಎಂಬಿ ಪುನಃ ಹಾಕಿಸಿ ಎಂದು ಹೇಳಿಕೊಡುವ ವಿಡಿಯೋಗಳು ಬೇಕಾದಷ್ಟಿವೆ. ಹಾಕಬೇಡಿ. ಪಟ್ಟಿಯಲ್ಲಿ ಕಾಣಬೇಕಾದ ಕಂಪ್ಯೂಟರಿನಲ್ಲಿ ಸರ್ವಿಸಸ್ ತೆರೆದು, 'ಫಂಕ್ಷನ್ ಡಿಸ್ಕವರಿ ರಿಸೋರ್ಸ್ ಪಬ್ಲಿಕೇಶನ್' ಎಂಬುದನ್ನು ಆಟೋಮ್ಯಾಟಿಕ್ ಮಾಡಿ ಸ್ಟಾರ್ಟ್ ಕೊಡಿ. ಅಷ್ಟಕ್ಕೂ ಕಾಣದಿದ್ದರೆ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ಹೆಸರು ಟೈಪ್ ಮಾಡಿ ನೋಡಿ, ತೆರೆದರೆ ಅದನ್ನೇ ಡ್ರೈವ್ ಆಗಿ ಸೇರಿಸಿಕೊಳ್ಳಿ. ಈಗಾಗಲೇ ಹಳತನ್ನು ಹಾಕಿಸಿಕೊಂಡವರಿದ್ದರೆ, ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ಪ್ರೋಗ್ರಾಮ್ಸ್‌ನಲ್ಲಿ 'ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್' ತೆರೆದು, ಎಸ್‌ಎಂಬಿ 1.0 ಎಂದು ಶುರುವಾಗುವ ಸಾಲಿನ ಟಿಕ್ ತೆಗೆದು, ಕಂಪ್ಯೂಟರ್ ಒಮ್ಮೆ ರೀಸ್ಟಾರ್ಟ್ ಮಾಡಿ.